ದೊಡ್ಡಾಸ್ಪತ್ರೆ ಎಂಬ ತವರುಮನೆ

ನಮ್ಮೂರಿನ ಕಡೆ ‘ದೊಡ್ಡಾಸ್ಪತ್ರೆಗೆ ಬರೆದುಕೊಟ್ಟವ್ರೆ’ ಅಂತ ಯಾರಾದರೂ ಬಂದು ಹೇಳಿದರೆ ಮನೆಯಲ್ಲಿ ಒಂದು ಗಳಿಗೆ ಯಾರೂ ಮಾತಾಡುತ್ತಿರಲಿಲ್ಲ. ಆಮೇಲೆ ಒಬ್ಬರು ದುಡ್ಡು ಹೊಂದಿಸೋಕೆ ಓಡುತ್ತಿದ್ದರು. ಇನ್ನೊಬ್ಬರು ಚಾಪೆ, ಚೊಂಬು, ಹಳೇ ಸೀರೆ ಎಲ್ಲ ಸೇರಿಸಿ ಗಂಟು ಕಟ್ಟುತ್ತಿದ್ದರು. ಯಾವ ದೊಡ್ಡಾಸ್ಪತ್ರೆ ಅಂತ ಯಾರೂ ಕೇಳುತ್ತಿರಲಿಲ್ಲ. ಕನಕಪುರದ ಕಡೆಯ ಹಳ್ಳಿಯವರಿಗೆ ಇದ್ದದ್ದು ಒಂದೇ ದೊಡ್ಡಾಸ್ಪತ್ರೆ. ಬೆಂಗಳೂರಿನ ಮಾರ್ಕೆಟ್ಟಿನ ಪಕ್ಕದ್ದು. ಅವ್ವ ಇವತ್ತಿಗೂ ಅದನ್ನ ‘ಇಕ್ಟೋರಿಯಾ’ ಅಂತಲೇ ಕರೆಯುತ್ತಾಳೆ.

ನಾನು ಆ ಗೇಟಿನೊಳಗೆ ಮೊದಲು ಕಾಲಿಟ್ಟಿದ್ದು 1993ರಲ್ಲಿ. ಆಗ ನನಗೆ ಹದಿಮೂರು ವರ್ಷ. ಶಿವರಾತ್ರಿ ಕಳೆದು ವಾರ ಆಗಿತ್ತು. ಅಪ್ಪ ಹುಣಸೆ ಬಡಿಯೋಕೆ ಮರ ಹತ್ತಿದ್ದ. ಕೆಳಗೆ ಅವ್ವ, ಅಕ್ಕ, ನಾನು ಕಾಯಿ ಆಯುತ್ತಾ ಇದ್ದೆವು. ಕೊಂಬೆ ಮುರಿದ ಸದ್ದು ಕೇಳಿ ತಲೆ ಎತ್ತುವಷ್ಟರಲ್ಲಿ ಅಪ್ಪ ನೆಲದ ಮೇಲಿದ್ದ. ಎಡಗಾಲು ಇರಬಾರದ ಕಡೆಗೆ ತಿರುಗಿತ್ತು.

ಊರಿನ ಹಿರಿಯರೆಲ್ಲ ‘ಪುತ್ತೂರು ಕಟ್ಟು ಹಾಕಿಸಿ’ ಅಂದರು. ಕೈಮೂಳೆಗೆ, ಮುಂಗಾಲಿಗೆ ಹಾಕಿಸಿಕೊಂಡು ಚೆನ್ನಾಗಾದವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಪಟ್ಟಣದ ಡಾಕ್ಟರು ಒಪ್ಪಲಿಲ್ಲ. ಇದು ತೊಡೆ ಮೂಳೆ, ಸುಮ್ನೆ ಕಟ್ಟಿಬಿಟ್ಟರೆ ಕಾಲು ಗಿಡ್ಡ ಆಗಿಬಿಡುತ್ತೆ ಅಂದರು. ದಾರಿಯಲ್ಲಿ ಒಂದು ನರ್ಸಿಂಗ್ ಹೋಮ್ ಮುಂದೆ ವ್ಯಾನು ನಿಲ್ಲಿಸಿದೆವು. ಒಳಗೆ ಸೇರಿಸಿಕೊಳ್ಳೋಕೆ ಮುಂಚೆ ಕಟ್ಟಬೇಕಾದ ಮೊತ್ತ ಹೇಳಿದರು. ನಮ್ಮ ಚಿಕ್ಕಪ್ಪ ಇನ್ನೊಂದು ಮಾತಾಡದೆ ವ್ಯಾನು ಹತ್ತಿ, ‘ಮಾರ್ಕೆಟ್ ಕಡೆ ನಡಿಯಪ್ಪ’ ಅಂದ.

ಅಪ್ಪ ಅಲ್ಲಿ ನಲವತ್ತೊಂದು ದಿನ ಇದ್ದ.

ಆ ವಾರ್ಡಿನಲ್ಲಿ ನಾನು ಕಂಡ ಒಂದು ವಸ್ತು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಪ್ಪನ ಮೊಣಕಾಲಿನ ಕೆಳಗೆ ಮೂಳೆಯೊಳಗಿಂದ ಒಂದು ಸ್ಟೀಲಿನ ಕಡ್ಡಿ ತೂರಿಸಿದ್ದರು. ಅದಕ್ಕೊಂದು ಹಗ್ಗ. ಹಗ್ಗ ಮಂಚದ ತುದಿಯ ರಾಟೆಯ ಮೇಲೆ ಹಾದು ಕೆಳಗೆ ಇಳಿದಿತ್ತು. ಅದರ ತುದಿಗೆ ತೂಕದ ಕಲ್ಲು. ಕಾಲಿನ ಕಡೆ ಮಂಚದ ಎರಡೂ ಗೂಟಕ್ಕೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದರು. ತಲೆ ತಗ್ಗಿನಲ್ಲಿ, ಕಾಲು ಎತ್ತರದಲ್ಲಿ. ಇದೇನು ಶಿಕ್ಷೆನಾ ಅಂತ ನನಗೆ ಅಳು ಬಂದಿತ್ತು. ಓದ್ತಾ ಇದ್ದ ಹುಡುಗ ಡಾಕ್ಟರೊಬ್ಬರು ನನ್ನನ್ನ ಮಂಚದ ಹತ್ತಿರ ಕರೆದು ವಿವರಿಸಿದರು. ಮೂಳೆ ಮುರಿದಾಗ ಸುತ್ತ ಇರೋ ಮಾಂಸಖಂಡ ಬಿಗಿಯಾಗಿ ಹಿಡಿದುಕೊಳ್ಳುತ್ತೆ. ಮುರಿದ ಎರಡು ತುದಿಯನ್ನೂ ಒಂದರ ಮೇಲೊಂದು ಎಳೆಯುತ್ತೆ. ಈ ತೂಕ ಅದಕ್ಕೆ ಎದುರಾಗಿ ಜಗ್ಗುತ್ತೆ. ಮಂಚ ಓರೆ ಮಾಡಿರೋದು ತೂಕದ ಜೊತೆ ನಿಮ್ಮಪ್ಪನೇ ಕೆಳಗೆ ಜಾರಿ ಹೋಗದೇ ಇರಲಿ ಅಂತ. ಹೀಗೆ ವಾರಗಟ್ಟಲೆ ಇಟ್ಟರೆ ಮೂಳೆ ನೇರವಾಗಿ ಕೂಡಿಕೊಳ್ಳುತ್ತೆ.

ಅಪ್ಪ ಮಲಗಿದ್ದಲ್ಲಿಂದಲೇ ಕೇಳಿಸಿಕೊಂಡು, ‘ನಮ್ಮ ಬಾವಿ ರಾಟೆನೇ ಕಣ್ಲಾ ಇದು’ ಅಂದ. ಆಮೇಲಿಂದ ಅವನಿಗೆ ಭಯ ಹೋಯಿತು. ಬಂದವರಿಗೆಲ್ಲ ತಾನೇ ವಿವರಿಸೋಕೆ ಶುರು ಮಾಡಿದ.

ಅವ್ವ ಹಗಲು ಮಂಚದ ಪಕ್ಕ, ರಾತ್ರಿ ಚಾಪೆ ಹಾಸಿಕೊಂಡು ಅದರ ಕೆಳಗೆ. ಚಾಮರಾಜಪೇಟೆಯಲ್ಲಿ ದೂರದ ನೆಂಟರೊಬ್ಬರ ಮನೆ ಇತ್ತು. ದಿನಾ ಮಧ್ಯಾಹ್ನ ಅಲ್ಲಿಂದ ಕ್ಯಾರಿಯರ್ ತರೋದು ನನ್ನ ಕೆಲಸ. ಮೇಲಿನ ಡಬ್ಬದಲ್ಲಿ ಸಾರು, ಕೆಳಗಿನದರಲ್ಲಿ ಮುದ್ದೆ. ಅಕ್ಕಪಕ್ಕದ ಮಂಚದವರಿಗೂ ಅದರಲ್ಲಿ ಪಾಲು. ಪಕ್ಕದ ಮಂಚದಲ್ಲಿ ಕೋಲಾರದ ಕಡೆಯ ಒಬ್ಬ ಲಾರಿ ಕ್ಲೀನರ್ ಇದ್ದ. ಆಚೆ ಮಂಚದಲ್ಲಿ ಕಟ್ಟಡದಿಂದ ಬಿದ್ದ ಗಾರೆ ಕೆಲಸದವರು. ಅವರ ಜೊತೆ ಯಾರೂ ಇರಲಿಲ್ಲ. ನಮ್ಮವ್ವನೇ ಅವರಿಗೂ ನೀರು ಕುಡಿಸುತ್ತಿದ್ದಳು, ತಲೆ ಬಾಚುತ್ತಿದ್ದಳು. ತಿಂಗಳು ಕಳೆಯುವಷ್ಟರಲ್ಲಿ ಆ ವಾರ್ಡು ಒಂದು ಊರಿನ ಹಾಗೆ ಆಗಿಬಿಟ್ಟಿತ್ತು.

ಎಷ್ಟೋ ವರ್ಷ ಆದ ಮೇಲೆ ನಾನು ಬೆಂಗಳೂರಿಗೇ ಬಂದು ನೆಲೆಸಿದೆ. ದಿನಾ ಬಸ್ಸಿನಲ್ಲಿ ಆ ಕಲ್ಲಿನ ಕಟ್ಟಡದ ಮುಂದೆಯೇ ಓಡಾಟ. ಇದನ್ನ ಯಾರು ಕಟ್ಟಿಸಿದ್ದು, ಯಾಕೆ ಇಲ್ಲೇ ಕಟ್ಟಿಸಿದ್ದು ಅಂತ ಆಗ ಕುತೂಹಲ ಹುಟ್ಟಿತು. ಓದುತ್ತಾ ಹೋದೆ. ಓದಿದಷ್ಟೂ ನನಗೆ ಹೆಸರಿನ ಬಗ್ಗೆ ಒಂದು ಸಂಕಟ ಶುರುವಾಯಿತು. ಆಸ್ಪತ್ರೆಗೆ ಇಟ್ಟಿರೋದು ಈ ಊರನ್ನ ಒಂದು ದಿನವೂ ನೋಡದ ರಾಣಿಯ ಹೆಸರು. ಅದಕ್ಕೆ ಮೊದಲ ಕಲ್ಲು ಇಟ್ಟ ಕೈ ಬೇರೆಯದು.

ಆ ಕೈ ಮಹಾರಾಣಿ ಕೆಂಪನಂಜಮ್ಮಣ್ಣಿಯವರದು. ವಾಣಿ ವಿಲಾಸ ಸನ್ನಿಧಾನ ಅಂತ ಕರೆಯುತ್ತಿದ್ದರು. ಅವರ ಗಂಡ, ಮೈಸೂರಿನ ದೊರೆ ಚಾಮರಾಜೇಂದ್ರ ಒಡೆಯರ್, 1894ರ ಡಿಸೆಂಬರ್‌ನಲ್ಲಿ ಕಲ್ಕತ್ತಕ್ಕೆ ಹೋದವರು ಅಲ್ಲೇ ಗಂಟಲಮಾರಿಗೆ ತುತ್ತಾದರು. ಡಿಫ್ತೀರಿಯಾ. ಅವರಿಗಿನ್ನೂ ಮೂವತ್ತೊಂದು ವರ್ಷ. ಮಹಾರಾಣಿಗೆ ಇಪ್ಪತ್ತೆಂಟು. ಐದು ಮಕ್ಕಳು. ದೊಡ್ಡ ಮಗನಿಗೆ ಹತ್ತು ವರ್ಷ. ಆ ಹುಡುಗನೇ ಮುಂದೆ ನಾವೆಲ್ಲ ನಾಲ್ವಡಿ ಅಂತ ಕರೆಯುವ ಕೃಷ್ಣರಾಜ ಒಡೆಯರ್.

ಇದರಲ್ಲಿ ನನ್ನನ್ನ ಜಾಸ್ತಿ ಕಾಡಿದ ವಿಷಯ ಒಂದಿದೆ. ಗಂಟಲಮಾರಿಗೆ ಸೀರಮ್ ಮದ್ದು ಯುರೋಪಿನ ಆಸ್ಪತ್ರೆಗಳಲ್ಲಿ ಫಲ ಕೊಡುತ್ತೆ ಅಂತ ಜಗತ್ತಿಗೆ ಗೊತ್ತಾಗಿದ್ದು ಅದೇ 1894ರಲ್ಲಿ. ಮದ್ದು ಭೂಮಿಯ ಮೇಲೆ ಇತ್ತು. ರಾಜನಿದ್ದ ಕಡೆಗೆ ಬಂದಿರಲಿಲ್ಲ, ಅಷ್ಟೇ. ಅರಮನೆ, ದರ್ಬಾರು, ಅಂಬಾರಿ ಎಲ್ಲ ಇದ್ದ ಮನೆಯಲ್ಲೂ ಒಂದು ಗಂಟಲು ಬೇನೆಗೆ ದಾರಿ ಇರಲಿಲ್ಲ. ಹಾಗಾದರೆ ಪೇಟೆಯ ನೇಕಾರರ ಮನೆಯಲ್ಲಿ, ಕಳಾಸಿಪಾಳ್ಯದ ಗಾಡಿ ಹೊಡೆಯುವವರ ಮನೆಯಲ್ಲಿ ಮಗು ಮಲಗಿದರೆ ಏನು ಗತಿ ಇದ್ದಿರಬೇಕು?

ಆ ಮಹಾರಾಣಿ ಮಗನ ಪರವಾಗಿ ರಾಜ್ಯದ ಹೊಣೆ ಹೊತ್ತು ಎರಡೂವರೆ ವರ್ಷ ಆಗಿತ್ತು. 1897ರ ಜೂನ್ 22ರಂದು ಈ ಆಸ್ಪತ್ರೆಗೆ ಅಡಿಗಲ್ಲು ಇಟ್ಟರು. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು ಅರವತ್ತು ವರ್ಷ ತುಂಬಿದ್ದಕ್ಕೆ ಅವತ್ತು ಬ್ರಿಟಿಷ್ ಸಾಮ್ರಾಜ್ಯದ ಉದ್ದಗಲಕ್ಕೂ ಸಂಭ್ರಮ. ಬೇರೆ ಊರುಗಳಲ್ಲಿ ಪ್ರತಿಮೆ ನಿಲ್ಲಿಸಿದರು, ಗಡಿಯಾರದ ಗೋಪುರ ಕಟ್ಟಿಸಿದರು. ಇಲ್ಲಿ ಆಸ್ಪತ್ರೆ ಕಟ್ಟಿಸಿದರು. ಅವರ ಮನಸ್ಸಿನಲ್ಲಿ ಏನಿತ್ತು ಅಂತ ನಾನು ಹೇಳೋಕೆ ಆಗಲ್ಲ. ಆದರೆ ಗಂಡನನ್ನ ಕಾಯಿಲೆಗೆ ಕಳೆದುಕೊಂಡ ಹೆಣ್ಣುಮಗಳೊಬ್ಬಳು ಆಸ್ಪತ್ರೆಯ ಕಲ್ಲು ಮುಟ್ಟಿದ ಗಳಿಗೆಯನ್ನ ನೆನೆಸಿಕೊಂಡರೆ, ಅದು ಬರೀ ರಾಣಿಯ ಜುಬಿಲಿ ಆಗಿತ್ತು ಅಂತ ನನಗೆ ಅನ್ನಿಸೋದೇ ಇಲ್ಲ.

ಆಗಿನ ಬೆಂಗಳೂರು ಎರಡು ಊರು. ಒಂದು ಕಡೆ ಬ್ರಿಟಿಷರ ದಂಡು, ಇನ್ನೊಂದು ಕಡೆ ಮೈಸೂರು ಸಂಸ್ಥಾನದ ಪೇಟೆ. ದಂಡಿನ ಕಡೆ 1860ರ ದಶಕದಲ್ಲೇ ಬೌರಿಂಗ್ ಆಸ್ಪತ್ರೆ ಬಂದಿತ್ತು. ಪ್ಯಾರಿಸ್ಸಿನ ಲಾರಿಬ್ವಾಸಿಯೇರ್ ಆಸ್ಪತ್ರೆಯ ಮಾದರಿ ನೋಡಿ ಅದನ್ನ ಕಟ್ಟಿದ್ದರು. 1886ರಲ್ಲಿ ಕ್ರೈಸ್ತ ಸನ್ಯಾಸಿನಿಯರು ಸೇಂಟ್ ಮಾರ್ಥಾಸ್ ಶುರು ಮಾಡಿದ್ದರು. ಆದರೆ ಪೇಟೆಯ ಜನಕ್ಕೆ, ಆ ಇಕ್ಕಟ್ಟಿನ ಬೀದಿಗಳಲ್ಲಿ ಕಾಯಿಲೆ ಬಿದ್ದವರಿಗೆ, ಸಂಸ್ಥಾನದ್ದೇ ಆದ ಒಂದು ದೊಡ್ಡ ಜಾಗ ಬೇಕಿತ್ತು. ಅದು ಸಿಕ್ಕಿದ್ದು ಹಳೇ ಕೋಟೆಯ ಮಗ್ಗುಲಲ್ಲಿ. 1791ರ ಮಾರ್ಚ್ ತಿಂಗಳಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನ ಕೋಟೆಗೆ ಮುತ್ತಿಗೆ ಹಾಕಿ ಗೆದ್ದ ಜಾಗ ಅದು. ರಕ್ತ ಹರಿದ ನೆಲ. ನೂರು ವರ್ಷ ಕಳೆದ ಮೇಲೆ ಅದೇ ಸುತ್ತಮುತ್ತ ಗಾಯ ಹೊಲಿಯುವವರು ಬಂದು ಕೂತರು.

ಕಟ್ಟಡ ಅರ್ಧ ಎದ್ದಿರುವಾಗಲೇ ಪ್ಲೇಗ್ ಬಂತು.

1898ರ ಆಗಸ್ಟ್. ಬೊಂಬಾಯಿಯಿಂದ ಹಬ್ಬುತ್ತಾ ಬಂದ ಕಾಯಿಲೆ ರೈಲಿನ ಹಾದಿ ಹಿಡಿದು ಬೆಂಗಳೂರು ಮುಟ್ಟಿತು. ಜನ ಮನೆಗೆ ಬೀಗ ಹಾಕಿಕೊಂಡು ಊರಾಚೆ ಗುಡಿಸಲು, ಶೆಡ್ಡುಗಳಿಗೆ ಹೋದರು. ಪೇಟೆಯ ಬೀದಿಗಳು ಖಾಲಿ ಖಾಲಿ. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದೇ ಈ ಪ್ಲೇಗಿನಿಂದ. ಅಗಲವಾದ ರಸ್ತೆ, ಮನೆಮನೆಗೂ ನಡುವೆ ಜಾಗ, ಚರಂಡಿ, ಎಲ್ಲವೂ ಆ ಹೆದರಿಕೆಯ ಫಲ. ನಾವು ಇವತ್ತು ಮಲ್ಲೇಶ್ವರದ ಅಡ್ಡರಸ್ತೆಗಳ ಅಂದ ಹೊಗಳುತ್ತೀವಲ್ಲ, ಅದರ ಬುಡದಲ್ಲಿ ಸತ್ತ ಇಲಿಗಳಿವೆ. ಬೆಂಗಳೂರಿನಲ್ಲಿ ಪ್ಲೇಗಮ್ಮನ ಗುಡಿಗಳು ಎದ್ದಿದ್ದೂ ಆಗಲೇ. ಆ ಅಮ್ಮನಿಗೆ ಈಗಲೂ ಪೂಜೆ ನಡೆಯುತ್ತೆ. ಪ್ಲೇಗು ಹೋಗಿದೆ, ಅಮ್ಮ ಉಳಿದಿದ್ದಾಳೆ.

ಅಂಥ ಹೊತ್ತಿನಲ್ಲಿ ಕಲ್ಲಿನ ಮೇಲೆ ಕಲ್ಲು ಏರಿತು. 1900ರ ಡಿಸೆಂಬರ್ 8ರಂದು ವೈಸರಾಯ್ ಲಾರ್ಡ್ ಕರ್ಜನ್ ಬಂದು ಆಸ್ಪತ್ರೆಯ ಬಾಗಿಲು ತೆರೆದರು. ಒಟ್ಟು 140 ಹಾಸಿಗೆ. ಇದಾಗಿ ಒಂದೂವರೆ ತಿಂಗಳಿಗೆ, 1901ರ ಜನವರಿ 22ಕ್ಕೆ, ವಿಕ್ಟೋರಿಯಾ ರಾಣಿ ತೀರಿಕೊಂಡರು. ಹೆಸರು ಮಾತ್ರ ಉಳಿಯಿತು.

ಆ 140 ಹಾಸಿಗೆಯ ಆಸ್ಪತ್ರೆಯನ್ನ ಒಂದು ಸಲ ಕಲ್ಪಿಸಿಕೊಳ್ಳಿ. ಕರೆಂಟ್ ಇಲ್ಲ. ಬೆಂಗಳೂರಿಗೆ ವಿದ್ಯುತ್ ದೀಪ ಬಂದಿದ್ದು 1905ರ ಆಗಸ್ಟ್ 5ಕ್ಕೆ, ಅದೂ ಮೊದಲು ಹೊತ್ತಿದ್ದು ಅಲ್ಲೇ ಪಕ್ಕದ ಮಾರ್ಕೆಟ್ಟಿನಲ್ಲಿ. ಅಲ್ಲಿಯವರೆಗೆ ರಾತ್ರಿ ಪಾಳಿಯವರ ಕೈಯಲ್ಲಿ ಎಣ್ಣೆ ದೀಪವೇ. ಹೆಸರಘಟ್ಟದಿಂದ ಕೊಳಾಯಿ ನೀರು ಬಂದು ನಾಲ್ಕೈದು ವರ್ಷ ಆಗಿತ್ತು, ಪುಣ್ಯ. ರಕ್ತದಲ್ಲಿ ಗುಂಪುಗಳಿವೆ ಅನ್ನೋದನ್ನ ಲ್ಯಾಂಡ್‌ಸ್ಟೈನರ್ ಜಗತ್ತಿಗೆ ಹೇಳಿದ್ದು 1901ರಲ್ಲಿ. ಅಂದರೆ ಈ ಆಸ್ಪತ್ರೆ ಬಾಗಿಲು ತೆರೆದಾಗ ಒಬ್ಬರ ರಕ್ತ ಇನ್ನೊಬ್ಬರಿಗೆ ಹೊಂದುತ್ತೋ ಇಲ್ಲವೋ ತಿಳಿಯುವ ದಾರಿ ಯಾರಿಗೂ ಗೊತ್ತಿರಲಿಲ್ಲ. ಪೆನಿಸಿಲಿನ್ ಇನ್ನೂ ನಲವತ್ತು ವರ್ಷ ದೂರ.

ಹಾಗಾದರೆ ಏನಿತ್ತು? ಗಾಳಿ ಇತ್ತು. ಬೆಳಕಿತ್ತು. ಆ ಕಾಲದ ಆಸ್ಪತ್ರೆ ಕಟ್ಟುವವರು ಅವೆರಡನ್ನೂ ಔಷಧಿ ಅಂತಲೇ ನಂಬಿದ್ದರು. ಗಾಳಿ ನಿಂತರೆ ಕಾಯಿಲೆ ಹರಡುತ್ತೆ ಅನ್ನುವ ನಂಬಿಕೆ. ಅದಕ್ಕೇ ಎತ್ತರದ ಚಾವಣಿ, ಎದುರುಬದುರು ದೊಡ್ಡ ಕಿಟಕಿ, ಉದ್ದಕ್ಕೂ ಜಗಲಿ. ಅಪ್ಪ ಮಲಗಿದ್ದಾಗ ಆ ಚಾವಣಿ ನೋಡುತ್ತಾ, ‘ಇಷ್ಟೆತ್ತರಕ್ಕೆ ಯಾಕ್ ಕಟ್ಟುದ್ರೋ, ಇದ್ರಲ್ಲಿ ಇನ್ನೊಂದು ಅಟ್ಟ ಮಾಡಬಹುದಿತ್ತು’ ಅನ್ನುತ್ತಿದ್ದ. ಏಪ್ರಿಲ್ಲಿನ ಮಧ್ಯಾಹ್ನಗಳಲ್ಲಿ ಮಾತ್ರ ಹಾಗೆ ಅನ್ನಲಿಲ್ಲ. ಹೊರಗೆ ಡಾಂಬರು ಕರಗುವ ಬಿಸಿಲಿದ್ದರೂ ಒಳಗೆ ತಣ್ಣಗಿರುತ್ತಿತ್ತು.

ಈಗ ನನ್ನ ಮನಸ್ಸಿನಲ್ಲಿ ಕೂತಿರುವ ಮಾತಿಗೆ ಬರುತ್ತೀನಿ. ಆಸ್ಪತ್ರೆ ಬೆಳೆಯಿತು ಅಂದರೆ ನಾವು ಹಾಸಿಗೆ ಎಣಿಸುತ್ತೀವಿ. 140 ಇದ್ದದ್ದು ಈಗ ಸಾವಿರಕ್ಕೂ ಜಾಸ್ತಿ. ಲೆಕ್ಕ ಸರಿ. ಆದರೆ ವಿಕ್ಟೋರಿಯಾ ಬೆಳೆದ ರೀತಿಯನ್ನ ಆ ಲೆಕ್ಕ ಹೇಳಲ್ಲ. ಅದು ಬೆಳೆದದ್ದು ತವರುಮನೆ ಬೆಳೆದ ಹಾಗೆ. ಒಳಗೆ ಹುಟ್ಟಿದ್ದು ದೊಡ್ಡದಾಗುತ್ತೆ, ಜಾಗ ಸಾಲದೆ ಹೋಗುತ್ತೆ, ಬೇರೆ ಮನೆ ಮಾಡಿಕೊಂಡು ಹೊರಡುತ್ತೆ. ಹೋದವರು ಅಲ್ಲಿ ದೊಡ್ಡ ಹೆಸರು ಮಾಡುತ್ತಾರೆ. ತವರು ಮಾತ್ರ ಅಲ್ಲೇ, ಅದೇ ಜಗಲಿ, ಅದೇ ಕಿಟಕಿ ಇಟ್ಟುಕೊಂಡು, ಬಂದವರಿಗೆಲ್ಲ ಬಾಗಿಲು ತೆರೆದು ಕೂತಿರುತ್ತೆ.

ಜಯದೇವ ನೋಡಿ. ಹೃದಯದ ಕಾಯಿಲೆ ಅಂದರೆ ಇವತ್ತು ಕರ್ನಾಟಕದ ಯಾವ ಮೂಲೆಯಲ್ಲೂ ಮೊದಲು ಬಾಯಿಗೆ ಬರುವ ಹೆಸರು. ಬನ್ನೇರುಘಟ್ಟ ರಸ್ತೆಯ ಆ ದೊಡ್ಡ ಕಟ್ಟಡಕ್ಕೆ ಹೋಗುವವರಲ್ಲಿ ಎಷ್ಟು ಜನಕ್ಕೆ ಗೊತ್ತು, ಅದು 1972ರಲ್ಲಿ ಶುರುವಾಗಿದ್ದು ಈ ವಿಕ್ಟೋರಿಯಾ ಆವರಣದಲ್ಲೇ ಅಂತ? ನಮ್ಮ ಚಿಕ್ಕಪ್ಪನಿಗೆ ಜಯದೇವದಲ್ಲಿ ಸ್ಟೆಂಟ್ ಹಾಕಿದರು. ಅವತ್ತು ವ್ಯಾನು ಹತ್ತಿ ‘ಮಾರ್ಕೆಟ್ ಕಡೆ ನಡಿಯಪ್ಪ’ ಅಂದಿದ್ದ ಅದೇ ಚಿಕ್ಕಪ್ಪ. ನಾನು ಅವನಿಗೆ ಈ ವಿಷಯ ಹೇಳಿದಾಗ, ‘ಅಂಗಾರೆ ನಾನು ಅದೇ ಮನೆಯೋರ ಕೈಗೇ ಬಿದ್ದೆ ಅನ್ನು’ ಅಂದ.

ಕಿಡ್ನಿಗೆ ಅಂತ ನೆಫ್ರೊ ಯೂರಾಲಜಿ ಸಂಸ್ಥೆ ಇದೇ ಆವರಣದಲ್ಲಿ ಬೇರೆ ಮನೆ ಮಾಡಿಕೊಂಡಿದೆ. ಸೂಪರ್ ಸ್ಪೆಷಾಲಿಟಿ ಕಟ್ಟಡ ಬಂದಿದೆ, ಟ್ರಾಮಾ ಕೇರ್ ಬಂದಿದೆ. ವೈದ್ಯಕೀಯ ಕಾಲೇಜಿನ ಕಥೆ ಸ್ವಲ್ಪ ಬೇರೆ. 1924ರಲ್ಲಿ ಸಂಸ್ಥಾನದ ಮೆಡಿಕಲ್ ಕಾಲೇಜು ಶುರುವಾಗಿದ್ದು ಬೆಂಗಳೂರಿನಲ್ಲೇ. 1930ರಲ್ಲಿ ಅದು ಮೈಸೂರಿಗೆ ಹೋಯಿತು. ಇಪ್ಪತ್ತೈದು ವರ್ಷ ಕಾದ ಮೇಲೆ, 1955ರಲ್ಲಿ, ಬೆಂಗಳೂರು ಮೆಡಿಕಲ್ ಕಾಲೇಜು ಹುಟ್ಟಿತು. ವಿಕ್ಟೋರಿಯಾ ಅದರ ಪಾಠಶಾಲೆ ಆಯಿತು. ಅಪ್ಪನ ರಾಟೆಯ ಲೆಕ್ಕ ನನಗೆ ಹೇಳಿಕೊಟ್ಟ ಆ ಹುಡುಗ ಡಾಕ್ಟರು ಅಲ್ಲಿ ಕಲಿಯುತ್ತಿದ್ದವರು. ಸರ್ಕಾರಿ ಆಸ್ಪತ್ರೆಯಲ್ಲಿ ‘ಕಲಿಯೋ ಹುಡುಗ್ರು ನೋಡ್ತಾರೆ’ ಅಂತ ಕೆಲವರು ಮೂಗು ಮುರಿಯುತ್ತಾರೆ. ನನಗೆ ಹಾಗನ್ನಿಸಲ್ಲ. ಕಲಿಯುವವರು ಇದ್ದ ಕಡೆ ಪ್ರಶ್ನೆ ಕೇಳುವವರು ಇರುತ್ತಾರೆ. ಹದಿಮೂರು ವರ್ಷದ ಹಳ್ಳಿ ಮಗುವಿಗೂ ಉತ್ತರ ಹೇಳುವ ಪುರುಸೊತ್ತು ಅವರಿಗೆ ಇರುತ್ತೆ.

ಆದರೆ ಈ ಮನೆಯಿಂದ ಹೊರಟವುಗಳಲ್ಲಿ ನನಗೆ ಹತ್ತಿರದ್ದು ವಾಣಿ ವಿಲಾಸ. ಹೆಂಗಸರಿಗೆ, ಮಕ್ಕಳಿಗೆ ಅಂತಲೇ ಬೇರೆ ಆಸ್ಪತ್ರೆ 1935ರಲ್ಲಿ ತೆರೆಯಿತು, ಕೋಟೆಯ ಜಾಗದಲ್ಲಿ, ಕೃಷ್ಣರಾಜೇಂದ್ರ ರಸ್ತೆಯಲ್ಲಿ. ಹೆಸರು ಇಟ್ಟಿದ್ದು ಆ ಮಹಾರಾಣಿಯದೇ. ಅವರು ತೀರಿಕೊಂಡಿದ್ದು ಅದಕ್ಕೆ ಹಿಂದಿನ ವರ್ಷ, 1934ರ ಜುಲೈನಲ್ಲಿ. ಅಷ್ಟರಲ್ಲಿ ಆ ತಾಯಿ ಇನ್ನೂ ಸಾವುಗಳನ್ನ ಕಂಡಿದ್ದರು. ಮಗಳು ಕೃಷ್ಣಾಜಮ್ಮಣ್ಣಿ ಕ್ಷಯಕ್ಕೆ ಬಲಿಯಾಗಿದ್ದರು. ಆಕೆಯ ಹೆಣ್ಣುಮಕ್ಕಳೂ ಅದೇ ಕಾಯಿಲೆಗೆ ಹೋದರು. ಮೈಸೂರಿನಲ್ಲಿ ಕ್ಷಯರೋಗಿಗಳಿಗೆ ಅಂತ ಕಟ್ಟಿದ ಸ್ಯಾನಟೋರಿಯಮ್ ಆ ಮಗಳ ಹೆಸರಿನಲ್ಲೇ ಇದೆ, ಪಿ.ಕೆ.ಟಿ.ಬಿ. ಅಂತ ಜನ ಕರೆಯೋದು ಅದನ್ನೇ. ಆ ಮನೆಯ ಒಂದೊಂದು ದುಃಖವೂ ಒಂದೊಂದು ಆಸ್ಪತ್ರೆಯಾಗಿ ಊರಿಗೆ ಸಿಕ್ಕಿದೆ.

1997ರಲ್ಲಿ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಎಂಟು ತಿಂಗಳು ತುಂಬಿ ಹತ್ತು ದಿನ. ಮಗು ಅಡ್ಡ ಮಲಗಿದೆ ಅಂತ ಸೂಲಗಿತ್ತಿ ಅಜ್ಜಿ ಹೊಟ್ಟೆ ಮುಟ್ಟಿದವಳೇ ಹೇಳಿದಳು. ‘ನಾನು ಕೈ ಹಾಕಲ್ಲ, ವಾಣಿ ವಿಲಾಸಕ್ಕೆ ಕರ್ಕೊಂಡ್ ಓಗಿ’ ಅಂದಳು. ಅಕ್ಷರ ಬಾರದ ಆ ಅಜ್ಜಿಯ ಬಾಯಲ್ಲಿ ಆ ಹೆಸರು ಎಷ್ಟು ಸಲೀಸಾಗಿ ಬಂತು! ಅಪ್ಪ ಆಗ ನಡೆಯುತ್ತಿದ್ದ, ಎರಡೂ ಕಾಲಲ್ಲಿ, ಒಂದು ಚೂರೂ ಕುಂಟದೆ. ರಾತ್ರಿ ಹನ್ನೊಂದಕ್ಕೆ ಗೇಟಿನ ಹತ್ತಿರ ಇಳಿದೆವು. ಒಳಗೆ ಹೆಂಗಸರಿಗೆ ಮಾತ್ರ. ಅವ್ವ ಅಕ್ಕನ ಜೊತೆ ಹೋದಳು. ಅಪ್ಪ ಹೊರಗೆ ಕಟ್ಟೆಯ ಮೇಲೆ ಟವೆಲ್ ಹಾಸಿಕೊಂಡು ಕೂತ. ಅಲ್ಲಿ ಇನ್ನೂ ಹತ್ತು ಹದಿನೈದು ಗಂಡಸರು ಹಾಗೇ ಕೂತಿದ್ದರು. ಯಾರಿಗೂ ಯಾರೂ ಗೊತ್ತಿಲ್ಲ. ಒಬ್ಬೊಬ್ಬರ ಹೆಸರು ಕೂಗಿದಾಗಲೂ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಬೆಳಗಿನ ಜಾವ ನಮ್ಮ ಹೆಸರು ಕೂಗಿದರು. ಹೆಣ್ಣು ಮಗು. ತಾಯಿ ಕ್ಷೇಮ. ಪಕ್ಕದಲ್ಲಿದ್ದ ಮುಸಲ್ಮಾನ ಅಜ್ಜ ಅಪ್ಪನ ಕೈ ಹಿಡಿದು ಅಲ್ಲಾಡಿಸಿದರು. ಅವರ ಸೊಸೆಯ ಹೆಸರು ಇನ್ನೂ ಕೂಗಿರಲಿಲ್ಲ.

ಆ ಆವರಣದ ಎಲ್ಲ ನೆನಪೂ ಹೀಗೆ ಬೆಚ್ಚಗಿನದಲ್ಲ. ಅಪ್ಪ ವಿಕ್ಟೋರಿಯಾದಲ್ಲಿ ಇದ್ದಾಗಲೇ ಅವ್ವ ಒಂದು ಮಾತು ಕಲಿತಿದ್ದಳು. ‘ಸ್ಟೌ ಸಿಡೀತಂತೆ.’ ಸುಟ್ಟ ಗಾಯದ ವಾರ್ಡಿಗೆ ಬರುತ್ತಿದ್ದ ಹೊಸ ಮದುವೆಯ ಹುಡುಗಿಯರ ಬಗ್ಗೆ ಜೊತೆಗೆ ಬಂದವರು ಹೇಳುತ್ತಿದ್ದ ಮಾತು ಅದು. ಯಾಕೆ ಯಾವಾಗಲೂ ಸೊಸೆಯ ಮೇಲೇ ಸಿಡಿಯುತ್ತೆ ಅಂತ ಅವ್ವ ಚಾಪೆಯ ಮೇಲೆ ಕೂತು ಇತರ ಹೆಂಗಸರ ಜೊತೆ ಪಿಸುಗುಟ್ಟುತ್ತಿದ್ದಳು. ಆ ಪ್ರಶ್ನೆಯನ್ನ ತೊಂಬತ್ತರ ದಶಕದಲ್ಲಿ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು ಗಟ್ಟಿಯಾಗಿ ಕೇಳಿದರು. ಆ ಮಂಚಗಳ ಪಕ್ಕ ಕೂತು, ಸಾಯುವವರ ಮಾತು ಕೇಳಿಸಿಕೊಂಡು ಹೊರಗೆ ತಂದರು. ಆಸ್ಪತ್ರೆ ಅಂದರೆ ಊರಿನ ಒಳಮನೆ ಕಾಣುವ ಕಿಟಕಿ. ಮದುವೆ ಮನೆಗಳಲ್ಲಿ ಮುಚ್ಚಿಟ್ಟಿದ್ದು ಅಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಮಹಾಬೋಧಿ ಸಂಘದವರು ಸುಟ್ಟ ಗಾಯದವರಿಗೆ ಅಂತಲೇ ಅಲ್ಲಿ ಒಂದು ಕಟ್ಟಡ ಕಟ್ಟಿಸಿಕೊಟ್ಟಿದ್ದಾರೆ. ಅದರ ಮುಂದೆ ಹಾದು ಹೋಗುವಾಗ ಈಗಲೂ ನನ್ನ ಕಾಲು ನಿಧಾನವಾಗುತ್ತೆ.

2020ರಲ್ಲಿ ಆ ಗೇಟು ನಮ್ಮಂಥವರಿಗೆ ಮುಚ್ಚಿತು. ವಿಕ್ಟೋರಿಯಾ ಕೋವಿಡ್ ರೋಗಿಗಳಿಗೆ ಮೀಸಲಾಯಿತು. ಪ್ಲೇಗಿನ ನಡುವೆ ಕಟ್ಟಿದ ಆಸ್ಪತ್ರೆ ನೂರಿಪ್ಪತ್ತು ವರ್ಷ ತುಂಬುವ ಹೊತ್ತಿಗೆ ಇನ್ನೊಂದು ಮಹಾಮಾರಿಯ ಎದುರು ನಿಂತಿತ್ತು. ಮತ್ತೆ ಪೇಟೆಯ ಬೀದಿಗಳು ಖಾಲಿ. ಮತ್ತೆ ಜನ ಗಂಟು ಕಟ್ಟಿಕೊಂಡು ಊರು ಬಿಟ್ಟರು. ಈ ಸಲ ವಾರ್ಡಿನಲ್ಲಿ ಅವ್ವನಂಥವರಿಗೆ ಚಾಪೆ ಹಾಸಲು ಜಾಗ ಇರಲಿಲ್ಲ, ಇರುವ ಹಾಗೂ ಇರಲಿಲ್ಲ. ಒಬ್ಬರಿಗೆ ಇನ್ನೊಬ್ಬರು ನೀರು ಕುಡಿಸುವ ಹಾಗಿರಲಿಲ್ಲ. ಆ ಗಾರೆ ಕೆಲಸದವರಂಥವರ ತಲೆ ಅಲ್ಲಿ ಯಾರು ಬಾಚಿದ್ದಾರು? ಆ ದಿನಗಳಲ್ಲಿ ಪಿಪಿಇ ಬಟ್ಟೆ ಹಾಕಿಕೊಂಡು ಗಂಟೆಗಟ್ಟಲೆ ದುಡಿದ ಸಿಸ್ಟರ್‌ಗಳೇ ಅದನ್ನೂ ಮಾಡಿರಬೇಕು.

ಆಸ್ಪತ್ರೆ ಇರುವ ಜಾಗದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮಾರ್ಕೆಟ್ಟಿನ ಗದ್ದಲ, ಹಾರ್ನು, ಹೊಗೆ, ಟ್ರಾಫಿಕ್ಕು. ಇಂಥ ಕಡೆ ಆಸ್ಪತ್ರೆ ಇರಬಾರದು ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ಕಳಾಸಿಪಾಳ್ಯ ಮತ್ತು ಮಾರ್ಕೆಟ್ ಬಸ್ ಸ್ಟ್ಯಾಂಡಿಗೆ ಕೂಗಳತೆಯಲ್ಲಿ ಇರೋದೇ ಈ ಆಸ್ಪತ್ರೆಯ ದೊಡ್ಡ ಸೌಲಭ್ಯ. ಹಳ್ಳಿಯಿಂದ ಬಂದವರು ಬಸ್ ಇಳಿದು ಯಾರನ್ನೂ ಕೇಳದೆ ನಡೆದು ಹೋಗಬಹುದು. ಆಟೋದವನ ಜೊತೆ ಚೌಕಾಸಿ ಬೇಡ. ಡಿಸ್ಚಾರ್ಜ್ ಆದ ದಿನ ಮಾರ್ಕೆಟ್ಟಿನಲ್ಲಿ ನಾಲ್ಕು ಮೂಸಂಬಿ ತೊಗೊಂಡು ಸಂಜೆ ಬಸ್ಸಿಗೆ ಊರು ಸೇರಬಹುದು. 2017ರಿಂದ ಮೆಟ್ರೋ ಸ್ಟೇಷನ್ನೂ ಬಂದಿದೆ. ಎಷ್ಟೇ ಒಳ್ಳೆ ಆಸ್ಪತ್ರೆ ಆಗಲಿ, ಅಲ್ಲಿಗೆ ಹೋಗೋಕೆ ಎರಡು ಬಸ್ಸು, ಒಂದು ಆಟೋ ಬೇಕು ಅಂದರೆ ನಮ್ಮವ್ವನಂಥವರು ‘ನಾಳೆ ನೋಡಾನ’ ಅಂದುಬಿಡುತ್ತಾರೆ. ಆ ನಾಳೆಯಲ್ಲೇ ಎಷ್ಟೋ ಜೀವ ಹೋಗಿವೆ.

2022ರಲ್ಲಿ ಅವ್ವನ ಬಲಗಣ್ಣಿಗೆ ಪೊರೆ ಬಂತು. ಖಾಸಗಿ ಆಸ್ಪತ್ರೆಗೆ ತೋರಿಸೋಣ, ನನಗೀಗ ಶಕ್ತಿ ಇದೆ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ‘ಮಿಂಟೋಗೇ ಕರ್ಕೊಂಡ್ ಓಗು’ ಅಂತ ಹಟ. ಮಿಂಟೋ ವಿಕ್ಟೋರಿಯಾದ ಮಗಳಲ್ಲ, ಓರಗೆಯವಳು. 1896ರಲ್ಲಿ ಪೇಟೆಯಲ್ಲಿ ಒಂದು ಸಣ್ಣ ಕಣ್ಣಿನ ಆಸ್ಪತ್ರೆಯಾಗಿ ಶುರುವಾಗಿದ್ದು. ಈಗಿನ ಕಟ್ಟಡ ತೆರೆದಿದ್ದು 1913ರಲ್ಲಿ. ದೀಪಾವಳಿಯ ರಾತ್ರಿ ಪಟಾಕಿ ಹೊಡೆದು ಕಣ್ಣು ಕೆಡಿಸಿಕೊಂಡ ಮಕ್ಕಳನ್ನ ಎತ್ತಿಕೊಂಡು ಅಪ್ಪಂದಿರು ಓಡಿ ಬರುವುದು ಇಲ್ಲಿಗೇ. ಪ್ರತಿ ವರ್ಷ ಪತ್ರಿಕೆಯಲ್ಲಿ ಆ ಸುದ್ದಿ ಓದುತ್ತೀವಿ, ಪ್ರತಿ ವರ್ಷ ಮತ್ತೆ ಪಟಾಕಿ ತರುತ್ತೀವಿ.

ಆಪರೇಷನ್ ಸಲೀಸಾಗಿ ಆಯಿತು. ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಹಾಕಿ, ಹನಿ ಹಾಕುವ ಔಷಧಿ ಬರೆದುಕೊಟ್ಟರು. ಆಟೋ ಕರೀತೀನಿ ಅಂದರೆ ಅವ್ವ ಬೇಡ ಅಂದಳು. ನಿಧಾನಕ್ಕೆ ಮಾರ್ಕೆಟ್ ಕಡೆ ನಡೆದೆವು. ಹೊಸ ಕಣ್ಣಿನಲ್ಲಿ ಅವಳು ಎಲ್ಲವನ್ನೂ ನೋಡುತ್ತಿದ್ದಳು. ಹೂವಿನ ಬುಟ್ಟಿ, ಸೈಕಲ್ಲು, ಗೋಡೆಯ ಮೇಲಿನ ಪೋಸ್ಟರು. ಅಪ್ಪ ತೀರಿಕೊಂಡು ಆಗ ಮೂರು ವರ್ಷ ಆಗಿತ್ತು. ‘ನಿಮ್ಮಪ್ಪನ ಕಾಲು ಕೊನೇವರ್ಗೂ ನೆಟ್ಟಗಿತ್ತು ನೋಡು’ ಅಂದಳು ಇದ್ದಕ್ಕಿದ್ದ ಹಾಗೆ.

ವಾಣಿ ವಿಲಾಸದ ಮುಂದೆ ಬಂದಾಗ ನಾನು ಆ ಮಹಾರಾಣಿಯ ವಿಷಯ ಹೇಳಿದೆ. ಇಷ್ಟು ದಿನ ಹೇಳೇ ಇರಲಿಲ್ಲ. ವಿಕ್ಟೋರಿಯಾಕ್ಕೆ ಕಲ್ಲು ಇಟ್ಟಿದ್ದು ಇವರೇ ಕಣವ್ವ, ಚಿಕ್ಕ ವಯಸ್ಸಿಗೇ ಗಂಡ ಹೋಗಿಬಿಟ್ಟಿದ್ದರು ಅಂದೆ.

‘ಏನಾಗಿತ್ತಂತೆ?’

‘ಗಂಟಲಮಾರಿ.’

ಅವ್ವ ನಿಂತುಬಿಟ್ಟಳು. ‘ನಮ್ಮವ್ವನ ಮೊದಲ್ನೇ ಕೂಸೂ ಅದ್ರಲ್ಲೇ ಓಗಿದ್ದು. ಗಂಡು ಕೂಸು. ನಾನು ಹುಟ್ಟಾಕೆ ಮುಂಚೆ. ಉಸ್ರು ಎಳಿಯಾಕಾಗ್ದೆ ಮಡಿಲಲ್ಲೇ ಓಯ್ತಂತೆ.’

ಅರವತ್ತೆಂಟು ವರ್ಷದ ಅವ್ವ ಈ ಮಾತನ್ನ ನನಗೆ ಮೊದಲ ಸಲ ಹೇಳುತ್ತಿದ್ದಳು. ನನಗೊಬ್ಬ ಸೋದರಮಾವ ಇದ್ದ ಅಂತ ನನಗೆ ಗೊತ್ತೇ ಇರಲಿಲ್ಲ. ಗೇಟಿನಿಂದ ಒಬ್ಬ ಬಾಣಂತಿ ಮಗುವನ್ನ ಎದೆಗವಚಿಕೊಂಡು ಹೊರಗೆ ಬರುತ್ತಿದ್ದಳು. ಹಿಂದೆ ಅವಳ ತಾಯಿ, ಕೈಯಲ್ಲಿ ಫ್ಲಾಸ್ಕು, ಕಂಕುಳಲ್ಲಿ ಚಾಪೆ. ಅವ್ವ ಕನ್ನಡಕ ಸರಿ ಮಾಡಿಕೊಂಡು ಬೋರ್ಡಿನ ಕಡೆ ತಲೆ ಎತ್ತಿದಳು.

‘ಏನಂತ ಬರ್ದವ್ರೆ ಅಲ್ಲಿ?’

ಓದಿ ಹೇಳಿದೆ. ಅವಳು ಎರಡೂ ಕೈ ಎತ್ತಿ ಹಣೆಗೆ ಮುಟ್ಟಿಸಿಕೊಂಡಳು. ಆಮೇಲೆ ನನ್ನ ತೋಳು ಹಿಡಿದು, ‘ನಡಿ, ಹನ್ನೆರಡೂವರೆ ಬಸ್ ಓಗ್ಬುಡ್ತದೆ’ ಅಂದಳು.